ಬಿಳಿ ಎತ್ತಿನ ಬೆನ್ನು

ಒಣಗದ ಚಿತ್ರವನ್ನು ಬಸ್ಸಿನಲ್ಲಿ ಒಯ್ಯುವುದು ಹೇಗೆಂದು ಕೋದಂಡರಾಮಪ್ಪನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುಂದಿನ ಸೀಟಿಗೆ ತಾಗಬಾರದು, ತನ್ನ ಅಂಗಿಗೆ ತಾಗಬಾರದು, ಪಕ್ಕದವರ ಮೈಗೆ ತಾಗಿದರಂತೂ ಜಗಳವೇ. ಎರಡಡಿ ಅಗಲದ ಚೌಕಟ್ಟನ್ನು ಬೆರಳ ತುದಿಯಲ್ಲಿ ಹಿಡಿದು, ಮಡಿಯುಟ್ಟ ಪುರೋಹಿತನ ಹಾಗೆ ಯಾರನ್ನೂ ಮುಟ್ಟದೆ, ಮುಳಬಾಗಿಲಿನಿಂದ ಆವನಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತಿದ್ದ. ಪುಷ್ಯದ ಚಳಿ. ಆದರೂ ಅಂಗೈ ಬೆವರುತ್ತಿತ್ತು. ಪಕ್ಕದಲ್ಲಿ ಅವರೆಕಾಯಿ ಮೂಟೆ ಇಟ್ಟುಕೊಂಡಿದ್ದ ಮುದುಕಿ ಕತ್ತು ಚಾಚಿ ನೋಡಿದಳು.

“ಏನಪ್ಪಾ ಅದು, ದೇವರ ಪಟಾನಾ?”

“ಅಲ್ಲಮ್ಮಾ, ಎತ್ತು.”

“ಎತ್ತಾ? ಸತ್ತೋಯ್ತಾ ಪಾಪ?”

ಪಟ ಮಾಡಿಸಬೇಕಾದರೆ ಸತ್ತಿರಲೇಬೇಕು ಎಂಬುದು ಅವಳ ನಂಬಿಕೆ. ಇಲ್ಲ, ಬದುಕಿದೆ, ಚೆನ್ನಾಗಿ ಉಳುತ್ತದೆ ಎಂದ. ಬದುಕಿರುವ ಎತ್ತನ್ನು ಪಟ ಮಾಡಿಸುವ ಮನುಷ್ಯನ ಪಕ್ಕದಲ್ಲಿ ಕೂರುವುದು ಅವಳಿಗೆ ಇನ್ನೂ ವಿಚಿತ್ರವಾಗಿ ಕಂಡಿರಬೇಕು, ಮೂಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಇವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಸತ್ತ ಎಂಬ ಮಾತು ಈ ದಿನ ಬೇಡವಾಗಿತ್ತು. ಚಿತ್ರ ನೋಡಬೇಕೆಂದು ಹಾಸಿಗೆಯಲ್ಲಿ ಕಾಯುತ್ತಿರುವವನು ಅವನ ಭಾವ ಆವಲಪ್ಪ, ಮತ್ತು ಆವಲಪ್ಪ ಬದುಕಿ ಉಳಿಯುತ್ತಾನೋ ಇಲ್ಲವೋ ಎಂದು ಕೋಲಾರದ ಡಾಕ್ಟರು ಕೂಡ ಸರಿಯಾಗಿ ಹೇಳಿರಲಿಲ್ಲ. “ಔಷಧಿ ನಾನು ಕೊಡ್ತೀನಿ, ಧೈರ್ಯ ನೀವು ಕೊಡಿ, ಮನಸ್ಸು ಕುಗ್ಗದ ಹಾಗೆ ನೋಡ್ಕೊಳ್ಳಿ” ಎಂದಿದ್ದರು. ಮನಸ್ಸು ಕುಗ್ಗಿದ ದಿನ ಭಾವ ಅನ್ನ ಮುಟ್ಟುತ್ತಿರಲಿಲ್ಲ. ಮೂರು ತಿಂಗಳಲ್ಲಿ ಅವನು ತಾನಾಗಿ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ: ನನ್ನ ಎತ್ತು ಪಟದಲ್ಲಿ ಹೆಂಗೆ ಬಂತು, ತಂದು ತೋರ್ಸು.

ಕೋದಂಡರಾಮಪ್ಪ ಮುಳಬಾಗಿಲಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ನಲವತ್ತು ತುಂಬುತ್ತಿತ್ತು. ಮೇಷ್ಟ್ರಾಗುವ ಮುಂಚೆ ನಂಗಲಿಯ ಹೆದ್ದಾರಿಯಲ್ಲಿ ಲಾರಿಗಳ ಹಿಂಬದಿಗೆ ಹಸು-ಕರು, ಹುಲಿ, ನವಿಲು ಬರೆದು ಹೊಟ್ಟೆ ಹೊರೆದಿದ್ದ. ಹಸುವನ್ನು ನೋಡಿ ಹಸು ಬರೆದದ್ದು ಅವನಿಗೆ ನೆನಪಿಲ್ಲ, ಕೈಗೇ ಬಾಯಿಪಾಠವಾಗಿತ್ತು. ಎನಾಮಲ್ ಬಣ್ಣ ಬೆಳಿಗ್ಗೆ ಬಳಿದರೆ ಸಂಜೆಗೆ ಒಣಗುತ್ತಿತ್ತು, ಲಾರಿ ಹೊರಟುಹೋಗುತ್ತಿತ್ತು, ತಪ್ಪುಗಳೂ ಅದರ ಜೊತೆಗೇ ಚಿತ್ತೂರಿಗೋ ಮದರಾಸಿಗೋ ಹೋಗಿಬಿಡುತ್ತಿದ್ದವು. ಈ ವಯಸ್ಸಿನಲ್ಲಿ ಎಣ್ಣೆ ಬಣ್ಣ ಕಲಿಯುವ ಹುಚ್ಚು ಯಾಕೆ ಹಿಡಿಯಿತೆಂದು ಹೆಂಡತಿ ಕೇಳಿದರೆ ಬ್ರಷ್ಷು ತೊಳೆಯಲು ಎದ್ದುಹೋಗುತ್ತಿದ್ದ. ಕೋಲಾರದಲ್ಲಿ ಆಂಜಿನಪ್ಪ ಎಂಬ ನಿವೃತ್ತ ಮೇಷ್ಟ್ರು ಎಣ್ಣೆ ಬಣ್ಣದಲ್ಲಿ ಕುದುರೆ ಬರೆಯುತ್ತಾರೆ ಎಂದು ಯಾರೋ ಹೇಳಿದರು, ಇವನು ಹೋಗಿ ನೋಡಿದ. ಗೋಡೆಗೆ ಒರಗಿಸಿದ್ದ ಮುದಿ ಜಟಕಾ ಕುದುರೆಯೊಂದರ ಚಿತ್ರ. ಅದರ ಮಂಡಿಯ ಮೇಲಿನ ಬೋಳು ಚರ್ಮ ನೋಡಿ ಇವನಿಗೆ ತನ್ನ ಮಂಡಿ ನೋವಾದಂತಾಯಿತು. ಅಲ್ಲಿಂದ ಶುರು. ಒಂದು ತಿಂಗಳು ಒದ್ದಾಡಿ ಒಂದು ಎತ್ತು ಬರೆದು ಅವರ ಮುಂದೆ ಇಟ್ಟಾಗ ಆಂಜಿನಪ್ಪನವರು ಕನ್ನಡಕ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. “ಇದು ಎತ್ತಲ್ಲ ಕಣಯ್ಯಾ. ಎತ್ತು ಅಂತ ಬೋರ್ಡು ಬರೆದಿದ್ದೀಯ, ಅಷ್ಟೆ” ಎಂದರು. ಆಗ ಅಲ್ಲಿ ಅವರ ಸೊಸೆ ಕಾಫಿ ಹಿಡಿದು ನಿಂತಿದ್ದಳು. ಆ ಕಾಫಿಯನ್ನು ಕುಡಿಯಬೇಕಾಗಿ ಬಂದದ್ದು ಇವತ್ತಿಗೂ ಗಂಟಲಲ್ಲಿದೆ. “ನಿನಗೆ ಗೊತ್ತಿರೋ ಎತ್ತನ್ನ ಬಿಟ್ಟು, ನಿನ್ನ ಮುಂದೆ ನಿಂತಿರೋ ಎತ್ತನ್ನ ಬರಿ” ಎಂದು ಬಾಗಿಲವರೆಗೆ ಬಂದು ಹೇಳಿದ್ದರು.

ಮುಂದೆ ನಿಲ್ಲಲು ಒಂದು ಎತ್ತು ಬೇಕಲ್ಲ. ಅಕ್ಕ ವೆಂಕಟರತ್ನಮ್ಮನ ಮನೆಯಲ್ಲಿತ್ತು. ತಾಯಿ ಸತ್ತಾಗ ಒಂಬತ್ತು ವರ್ಷದವನಾಗಿದ್ದ ಅವನನ್ನು ಅಕ್ಕ ಗಂಡನ ಮನೆಗೇ ಕರೆತಂದಿದ್ದಳು. ಆವಲಪ್ಪ ಒಂದು ಮಾತೂ ಆಡದೆ ಬೆಳೆಸಿದ, ಓದಿಸಿದ, ದನದ ಸಂತೆಗೆ ಹೋಗುವಾಗ ಹೆಗಲ ಮೇಲೆ ಕೂರಿಸಿಕೊಂಡು ಹೋದ. ಆ ಹೆಗಲು ಈಗ ಹಗ್ಗದ ಮಂಚದ ಮೇಲೆ ಮೂಳೆಯ ಗೂಡಾಗಿತ್ತು. ಎದೆಯ ಕಾಯಿಲೆ. ದೀಪಾವಳಿಗೆ ಮಲಗಿದವನು ಎದ್ದಿರಲಿಲ್ಲ. ಅವನು ಮಲಗಿದ ಮೇಲೆ ಜೋಡಿಯಲ್ಲಿ ಒಂದು ಎತ್ತು ಹೊಟ್ಟೆಯುಬ್ಬರ ಬಂದು ಸತ್ತಿತು. ರತ್ನಕ್ಕ ತಾನೇ ಸಂತೆಗೆ ಹೋಗಿ ಈ ಬಿಳಿ ಎತ್ತನ್ನು ಹೊಡೆದುಕೊಂಡು ಬಂದಿದ್ದಳು. ಹೆಂಗಸು ಎತ್ತು ಕೊಂಡಳೆಂದು ಊರು ಒಂದು ವಾರ ಆಡಿಕೊಂಡಿತು, ಆಮೇಲೆ ಎತ್ತಿನ ದುಡಿಮೆ ನೋಡಿ ಸುಮ್ಮನಾಯಿತು. ಭಾವನಿಗೆ ಅದರ ಮೇಲೆ ಮನಸ್ಸು ಬಿದ್ದುಬಿಟ್ಟಿತ್ತು. ಹೊಲಕ್ಕೆ ಹೋಗುವಾಗ, ಬರುವಾಗ ಮಂಚದಿಂದಲೇ ಅದರ ನಡಿಗೆ ನೋಡುತ್ತಿದ್ದ. ಎದ್ದ ದಿನ ಅದನ್ನೇ ಕಟ್ಟಿ ನಾನೇ ಮೊದಲ ಸಾಲು ಹೊಡೀತೀನಿ ಎನ್ನುತ್ತಿದ್ದ.

ಆರು ಭಾನುವಾರ ಕೋದಂಡರಾಮಪ್ಪ ಅಕ್ಕನ ಮನೆಯ ಹಿತ್ತಿಲಲ್ಲಿ, ಹುಲ್ಲಿನ ಮೆದೆಯ ಪಕ್ಕದ ಮೋಟುಗೋಡೆಯ ಮೇಲೆ ಕೂತು ಬರೆದ. ಮೊದಲ ಮೂರು ವಾರ ಕೆಸರು. ಬಿಳಿ ಎತ್ತಲ್ಲವೇ ಎಂದು ಬಿಳಿ ಬಳಿದರೆ ಅದು ಸುಣ್ಣ ಹೊಡೆದ ಗೋಡೆಯಾಗುತ್ತಿತ್ತು. ನೋಡುತ್ತ ನೋಡುತ್ತ ತಿಳಿಯಿತು, ಆ ಮೈಯಲ್ಲಿ ಬಿಳಿಯೊಂದನ್ನು ಬಿಟ್ಟು ಎಲ್ಲವೂ ಇದೆ. ಹೊಟ್ಟೆಯ ಕೆಳಗೆ ನೆಲದ ಕೆಂಪು, ಪಕ್ಕೆಯಲ್ಲಿ ಆಕಾಶದ ನೀಲಿ, ಕಿವಿಯೊಳಗೆ ಮಗುವಿನ ಅಂಗೈ ಬಣ್ಣ. ಎತ್ತಿನ ಬೆನ್ನಿಗೆ ಅಕ್ಕ ಯಾವಾಗಲೂ ಒಂದು ಗೋಣಿತಾಟು ಕಟ್ಟಿರುತ್ತಿದ್ದಳು, ಚಳಿಗೆ, ನೊಣಕ್ಕೆ ಎಂದು. ಕೊನೆಯ ವಾರ ಅದನ್ನು ಬಿಚ್ಚು ಎಂದ. “ಬಿಚ್ಚಲೇಬೇಕಾ?” ಎಂದು ಕೇಳಿದಳು. ಮೈ ಕಾಣಬೇಕಕ್ಕಾ ಎಂದ. ಒಂದು ಗಳಿಗೆ ಅವನ ಮುಖ, ಒಂದು ಗಳಿಗೆ ಬಣ್ಣ ಮೆತ್ತಿದ ಬಟ್ಟೆಯ ಚೌಕ ನೋಡಿದಳು. ಆಮೇಲೆ ಪಟದಲ್ಲಿ ಏನು ತಾನೇ ಕಾಣುತ್ತೆ ಎಂದು ತನಗೆ ತಾನೇ ಹೇಳಿಕೊಂಡಂತೆ ಗಂಟು ಬಿಚ್ಚಿದಳು, ಬರೆದು ಮುಗಿಯುವವರೆಗೂ ಹಿತ್ತಿಲ ಬಾಗಿಲಲ್ಲೇ ನಿಂತಿದ್ದಳು. ಅವನು ಅದನ್ನು ತಮ್ಮನ ಕೈಚಳಕದ ಮೇಲಿನ ಅಕ್ಕರೆ ಎಂದುಕೊಂಡ. ಆ ದಿನವೇ ಅವನಿಗೆ ಕೂದಲು ಕಂಡದ್ದು. ಎತ್ತಿನ ಮೈಮೇಲೆ ಕೂದಲು ಸುಮ್ಮನೆ ಇರುವುದಿಲ್ಲ, ಹರಿಯುತ್ತದೆ. ಇಣಿಯಿಂದ, ಹೆಗಲ ಮೇಲಿನ ಡುಬ್ಬದಿಂದ ಇಳಿದು, ಬೆನ್ನುಮೂಳೆಯ ಪಕ್ಕದಲ್ಲಿ ಒಂದು ಕಡೆ ತಟ್ಟನೆ ತಿರುಗಿ, ಎಡಕ್ಕೆ ಸುತ್ತಿ ಸುತ್ತಿ ಒಂದು ಚುಕ್ಕೆಯಲ್ಲಿ ನಿಂತುಬಿಟ್ಟಿತ್ತು. ಸಣ್ಣ ಬ್ರಷ್ಷಿನಲ್ಲಿ ಅದನ್ನು ಹಿಂಬಾಲಿಸಿದ. ಉಸಿರು ಬಿಗಿಹಿಡಿದು ಆ ಸುತ್ತನ್ನು ಮುಗಿಸಿದಾಗ ಚಿತ್ರದ ಎತ್ತು ಮೊದಲ ಸಲ ಬೆನ್ನು ಕೊಡವಿದಂತೆ ಅನಿಸಿತು. ಜೀವನದಲ್ಲಿ ತಾನು ನಿಜವಾಗಿ ನೋಡಿದ ಮೊದಲ ವಸ್ತು ಇದು ಎಂದುಕೊಂಡ. ಅಳು ಬಂದಿತ್ತು.

ಬಸ್ಸಿಳಿದು ಕೆರೆ ಏರಿಯ ಮೇಲೆ ಚಿತ್ರವನ್ನು ಗಾಳಿಗೆ ಅಡ್ಡವಾಗಿ ಹಿಡಿದು ನಡೆದ. ಜಗಲಿಯ ಮೇಲೆ ಭಾವನ ಮಂಚದ ಪಕ್ಕದಲ್ಲಿ ಪಕ್ಕದ ಮನೆಯ ಗಂಗುಲಪ್ಪ ಬೀಡಿ ಸೇದುತ್ತ ಕೂತಿದ್ದ. ರಾಯಲ್ಪಾಡಿನ ಕಡೆಯಿಂದ ಬಂದು ನೆಲೆಸಿದವನು, ಮಾತು ಅರ್ಧ ತೆಲುಗು, ಬಾಯಿಗೆ ಬೀಗವಿಲ್ಲ. ಚಿತ್ರವನ್ನು ಕಂಬಕ್ಕೆ ಒರಗಿಸಿ ಕೋದಂಡರಾಮಪ್ಪ ಹಿಂದೆ ಸರಿದು ನಿಂತ. ಪರೀಕ್ಷೆ ಬರೆದ ಹುಡುಗನಂತೆ ಭಾವನ ಮುಖವನ್ನೇ ನೋಡುತ್ತಿದ್ದ. ಆವಲಪ್ಪ ಮೊಣಕೈಯೂರಿ ಎದ್ದು ಕೂತ. ಕೊಂಬಿನಿಂದ ಗೊರಸಿನವರೆಗೆ ನೋಡಿದ. ಗುಳಿಬಿದ್ದ ಕೆನ್ನೆಯಲ್ಲಿ ನಗುವಿನಂಥದ್ದು ಬಂತು.

“ಕಾಲು ನೋಡೋ ಗಂಗುಲಪ್ಪಾ. ಮುಂಗಾಲು ಹಂಗೇ ಇಕ್ಕೋದು ಅದು. ಕರೆದ್ರೆ ಬಂದುಬಿಡ್ತದೇನೋ.”

ಅಷ್ಟು ಸಾಕಾಗಿತ್ತು. ಆ ಕ್ಷಣದಲ್ಲೇ ಚಿತ್ರವನ್ನೆತ್ತಿಕೊಂಡು ಹೊರಟುಬಿಡಬೇಕಿತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡನೋ. ಗಂಗುಲಪ್ಪ ಬೀಡಿಯನ್ನು ಗೋಡೆಗೆ ಒತ್ತಿ ಆರಿಸಿ, ಬಗ್ಗಿ, ಚಿತ್ರದ ಬಳಿ ಮೂಗು ತಂದ.

“ಅಂತಾ ಬಾಗುಂದಿ ಮೇಷ್ಟ್ರೇ, ಎಲ್ಲಾ ಚೆಂದ ಐತೆ. ಆದ್ರೆ ಇದೇನು, ಬೆನ್ನ ಮೇಲೆ ಪಾಡೆ ಸುಡಿ ಬರೆದುಬಿಟ್ಟಿದ್ದೀರಾ?”

ಪಾಡೆ ಎಂದರೆ ಚಟ್ಟ, ಸುಡಿ ಎಂದರೆ ಸುಳಿ. ಬೆನ್ನುಮೂಳೆಯ ಎರಡು ಪಕ್ಕಕ್ಕೆ ಒಂದೊಂದು ಸುಳಿ ಇದ್ದರೆ ಅದು ಚಟ್ಟದ ಎರಡು ಬಿದಿರು. ಅಂಥ ಎತ್ತು ಮನೆಗೆ ಬಂದರೆ ಮನೆಯ ಯಜಮಾನ ನಾಲ್ಕು ಜನರ ಹೆಗಲ ಮೇಲೆ ಹೊರಗೆ ಹೋಗುತ್ತಾನೆ. ಈ ಸೀಮೆಯಲ್ಲಿ ಹಾಲು ಕುಡಿಯುವ ಮಗುವಿಗೂ ಇದು ಗೊತ್ತು. ಕೋದಂಡರಾಮಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇದೇ ಭಾವ ಸಂತೆಯಲ್ಲಿ ತೋರಿಸಿ ಹೇಳಿದ್ದ, ಇಂಥದ್ದನ್ನು ಬಿಟ್ಟಿ ಕೊಟ್ಟರೂ ಹೊಡ್ಕೊಂಡು ಬರಬಾರದು ಕಣೋ ಎಂದು. ಬರೆಯುವಾಗ ಅದು ಹೊಳೆಯಲಿಲ್ಲವೇ? ಹೊಳೆಯಲಿಲ್ಲ ಎಂದು ದೇವರ ಮುಂದೆ ಪ್ರಮಾಣ ಮಾಡಬಲ್ಲನೇ? ಬ್ರಷ್ಷು ಆ ಚುಕ್ಕೆಯ ಹತ್ತಿರ ಬಂದಾಗ ಒಳಗೆಲ್ಲೋ ಒಂದು ಬಾಗಿಲು ಅರ್ಧ ತೆರೆದಂತಾಗಿ, ಅವನು ಅದನ್ನು ಕಾಲಿನಿಂದ ತಳ್ಳಿ ಮುಚ್ಚಿದ್ದ. ಅಷ್ಟು ಚೆನ್ನಾಗಿ ಬರುತ್ತಿತ್ತು ಅದು. ಈಗ ತಲೆಯೆತ್ತಿ ನೋಡಿದರೆ ಹೊಸ್ತಿಲಲ್ಲಿ ಅಕ್ಕ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದಳು. ಆ ಮುಖ ನೋಡಿದ ಮೇಲೆ ಗೋಣಿತಾಟು ಯಾಕೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಗಂಗುಲಪ್ಪ ಹೇಳುವುದನ್ನು ಹೇಳಿ, ನೀರು ಕಟ್ಟಬೇಕು ಎಂದು ಟವಲ್ ಕೊಡವಿಕೊಂಡು ಹೋದ. ಬೆಂಕಿ ಹಚ್ಚುವವರಿಗೆ ಯಾವಾಗಲೂ ಬೇರೆ ಕಡೆ ಕೆಲಸವಿರುತ್ತದೆ. ಆವಲಪ್ಪ ಚಿತ್ರವನ್ನು ನೋಡುತ್ತಲೇ ಇದ್ದ. ನಗು ಎಲ್ಲಿ ಹೋಯಿತೋ.

“ಕೋದಂಡಾ, ಎತ್ತಿನ ಮೇಲೆ ಐತಾ ಅದು?”

“ಇಲ್ಲ ಭಾವ.”

“ಮತ್ತೆ ಪಟದಾಗೆ ಹೆಂಗೆ ಬಂತು?”

“ಬ್ರಷ್ಷು ತಪ್ಪಿತು. ಈ ಬಣ್ಣ ಬೇಗ ಒಣಗಲ್ಲ ಭಾವ, ಕೈ ಜಾರಿದ್ರೆ ಹಿಂಗೆ ಸುತ್ತಿಕೊಂಡುಬಿಡ್ತದೆ. ಕೂದಲು ಬರೆಯೋದು ನನಗಿನ್ನೂ ಬರಲ್ಲ. ಕೋಲಾರದ ಮೇಷ್ಟ್ರೂ ಬೈತಾರೆ.”

ಎಷ್ಟು ಸಲೀಸಾಗಿ ಬಂತು ಸುಳ್ಳು. ತನಗೆ ಬರುವುದಿಲ್ಲ ಎಂದು ಹೇಳಿದರೆ ಜನ ಎಷ್ಟು ಬೇಗ ನಂಬುತ್ತಾರೆ ಎಂಬ ಭರವಸೆಯ ಮೇಲೆಯೇ ಹೇಳಿದ್ದ. ಆದರೆ ಆವಲಪ್ಪ ದನಗಾರ. ಮಂಚದ ಪಟ್ಟಿಯನ್ನು ಹಿಡಿದುಕೊಂಡು, “ರತ್ನಾ, ಎತ್ತು ಹೊಡ್ಕೊಂಡು ಬಾ ಇಲ್ಲಿಗೆ” ಎಂದ. ಈಗ್ಯಾಕೆ, ಮೇವು ತಿಂತಾ ಐತೆ ಎಂದಳು. “ಬಾ ಅಂದ್ನಲ್ಲ” ಎಂದ. ಆಮೇಲೆ ಕೆಮ್ಮು ಬಂತು, ಬಹಳ ಹೊತ್ತು ನಿಲ್ಲಲಿಲ್ಲ.

ಹಿತ್ತಿಲಲ್ಲಿ ಗೂಟದ ಬಳಿ ಅಕ್ಕನಿಗೆ ಹಗ್ಗದ ಗಂಟು ಬಿಚ್ಚಲಾಗುತ್ತಿರಲಿಲ್ಲ. ಕೋದಂಡರಾಮಪ್ಪ ಬಿಚ್ಚಿಕೊಟ್ಟ.

“ಯಾಕೋ ಬರ್ದೆ?”

“ಇತ್ತಲ್ಲಕ್ಕಾ.”

“ಇದ್ರೆ ಬರೀಬೇಕಾ? ಪಟದಾಗೆ ಎತ್ತಿಗೆ ಸುಳಿ ಯಾರು ಬರೀತಾರೆ? ಯಾವ ಕ್ಯಾಲೆಂಡರ್‌ನಾಗೆ ನೋಡಿದ್ದೀಯ ನೀನು? ಅದಕ್ಕೇ ನಾನು ಬಿಚ್ಚಿದ್ದು ಗೋಣೀನ.”

“ನೀನ್ಯಾಕೆ ತಂದೆ ಇದನ್ನ?”

“ಗಂಡಸು ಮಲಗವ್ರೆ. ಹುರುಳಿ ಚೆಲ್ಲೋಕೆ ನೆಲದ ಹದ ಹೋಗ್ತಿತ್ತು. ಸಂತೆನಾಗೆ ಕೊನೇಗೆ ಉಳಿದಿದ್ದು ಇದೊಂದೇ, ಯಾರೂ ಮುಟ್ತಿರ್ಲಿಲ್ಲ. ಕಣ್ಣು ನೋಡಿದೆ. ಒಳ್ಳೇದು ಅನ್ನಿಸ್ತು.” ಅವಳು ಎತ್ತಿನ ಕೊರಳಿಗೆ ಹಣೆಯಿಟ್ಟಳು. “ಅವರು ಮಲಗಿದ್ಮೇಲೆ ಬಂದಿದ್ದು ಕಣೋ ಇದು. ಇದು ಬಂದು ಅವರು ಮಲಗಲಿಲ್ಲ. ಹಂಗಂತ ಯಾರು ಕೇಳ್ತಾರೆ? ಅವರು ಕೇಳ್ತಾರಾ?”

ಕೇಳುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಅಷ್ಟೇ ಅಲ್ಲ, ಅವನ ತಲೆ ಅಕ್ಕನ ಎದುರಿಗೇ ನಾಚಿಕೆಯಿಲ್ಲದೆ ತಿಂಗಳುಗಳನ್ನು ಎಣಿಸುತ್ತಿತ್ತು. ದೀಪಾವಳಿಗೆ ಮಲಗಿದ್ದು ನಿಜ. ಎತ್ತು ಬಂದದ್ದು ಕಾರ್ತೀಕದ ಕೊನೆಗೆ. ಊಟ ಬಿಟ್ಟದ್ದು ಯಾವಾಗ? ಕೆಮ್ಮಿನಲ್ಲಿ ರಕ್ತ ಕಂಡದ್ದು ಯಾವಾಗ? ಹೈಸ್ಕೂಲಿನಲ್ಲಿ ಮೂಢನಂಬಿಕೆಯ ಮೇಲೆ ಚಾರ್ಟು ಬರೆದು ಗೋಡೆಗೆ ಹಾಕಿದ ಮೇಷ್ಟ್ರು ಹಿತ್ತಿಲಲ್ಲಿ ನಿಂತು, ಒಂದು ಮೂಕಪ್ರಾಣಿಯ ಬೆನ್ನ ಮೇಲಿನ ಕೂದಲಿಗೂ ಭಾವನ ಶ್ವಾಸಕೋಶಕ್ಕೂ ಗಂಟು ಹಾಕುತ್ತಿದ್ದ. ಎತ್ತು ಅವನ ಅಂಗಿಯನ್ನು ಮೂಸಿತು. ಅವನ ಬಣ್ಣದ ವಾಸನೆ ಅದಕ್ಕೆ ಪರಿಚಯವಾಗಿತ್ತು. ಅಗಸೆ ಎಣ್ಣೆಯಲ್ಲವೇ, ಮೇವಿನ ಹಾಗೇ ಇರಬೇಕು. ಓಡಿಸಿಬಿಡೋಣವೇ ಅಕ್ಕಾ, ಹಗ್ಗ ಕಿತ್ತುಕೊಂಡು ಹೋಯಿತು ಎನ್ನೋಣ ಎಂದು ಹೇಳಬೇಕೆನಿಸಿತು. ಜಗಲಿಯಿಂದ ಭಾವನ ದನಿ ಇನ್ನೊಮ್ಮೆ ಬಂತು.

ಎತ್ತನ್ನು ಜಗಲಿಯ ಅಂಚಿಗೆ ತಂದು ನಿಲ್ಲಿಸಿದರು. ಜಗಲಿ ಎತ್ತರ. ಮಂಚದ ಮೇಲೆ ಕೂತವನ ಕೈಗೆ ಅದರ ಬೆನ್ನು ಸರಿಯಾಗಿ ಸಿಗುತ್ತಿತ್ತು. ಗೋಣಿ ತೆಗಿ ಎಂದ ಭಾವ. ಅಕ್ಕ ಅಲ್ಲಾಡಲಿಲ್ಲ. ಕೊನೆಗೆ ಕೋದಂಡರಾಮಪ್ಪನೇ ತೆಗೆದ. ದಿನವಿಡೀ ಗೋಣಿಯ ಅಡಿಯಲ್ಲಿ ಒತ್ತಿಹೋದ ಕೂದಲು ಮಟ್ಟಸವಾಗಿ ಮಲಗಿ ಬೆನ್ನು ನುಣ್ಣಗೆ ಹೊಳೆಯಿತು. ಕಣ್ಣಿಗೆ ಏನೂ ಬೀಳಲಿಲ್ಲ. ಒಂದು ಕ್ಷಣ ಅವನಿಗೆ, ತಾನು ನಿಜವಾಗಿಯೂ ತಪ್ಪು ಬರೆದೆನೇನೋ ಎನಿಸಿ, ಎಷ್ಟೋ ಸಮಾಧಾನವಾಯಿತು. ಆದರೆ ಆವಲಪ್ಪ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದ. ಸುಳಿಯನ್ನು ಯಾವಾಗಲೂ ಕೈಯಿಂದ ನೋಡುವವನು ಅವನು. ಅಂಗೈಯನ್ನು ಇಣಿಯ ಮೇಲಿಟ್ಟು, ನೇವರಿಸುವವನಂತೆ ನಿಧಾನವಾಗಿ ಹಿಂದಕ್ಕೆ ತಂದ. ಒಂದು ಕಡೆ ಕೈ ನಿಂತಿತು. ತೋರುಬೆರಳು ಕೂದಲಿನೊಳಗೆ ಇಳಿದು, ಎಡಕ್ಕೆ ಒಂದು ಸುತ್ತು ಸುತ್ತಿತು. ಕೋದಂಡರಾಮಪ್ಪನ ಬ್ರಷ್ಷು ಸುತ್ತಿದ್ದು ಹೀಗೆಯೇ, ಇದೇ ದಿಕ್ಕಿಗೆ. ಆಮೇಲೆ ಆ ಕೈ ಬೆನ್ನುಮೂಳೆಯನ್ನು ದಾಟಿ ಆಚೆ ಪಕ್ಕಕ್ಕೆ ಹೋಯಿತು. ಚಿತ್ರದಲ್ಲಿ ಇಲ್ಲದ ಪಕ್ಕ ಅದು, ಮೋಟುಗೋಡೆಯ ಮೇಲೆ ಕೂತವನಿಗೆ ಕಾಣದ ಪಕ್ಕ. ಅಲ್ಲಿಯೂ ನಿಂತಿತು. ಅಲ್ಲಿಯೂ ಬೆರಳು ಒಂದು ಸುತ್ತು ಸುತ್ತಿತು. ಅಕ್ಕ ಗಂಡನ ಮುಖವನ್ನು ನೋಡುತ್ತಿದ್ದಳು, ಬೆರಳನ್ನು ನೋಡಲಿಲ್ಲ.

ಆವಲಪ್ಪ ಕಣ್ಣು ತೆರೆದ. ಕೈಯನ್ನು ಎತ್ತಿನ ಬೆನ್ನಿನಿಂದ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಎರಡು ಸಲ ಮೆಲ್ಲಗೆ ತಟ್ಟಿದ.

“ಏನೂ ಇಲ್ಲ. ಬೆಣ್ಣೆ ಹಂಗೈತೆ ಮೈಯಿ.” ಹೆಂಡತಿಯ ಕಡೆ ತಿರುಗಿದ. “ಒಳ್ಳೆ ಎತ್ತೇ ತಂದಿದ್ದೀಯ ಕಣೇ. ನಾನು ಹೋಗಿದ್ರೂ ಇದನ್ನೇ ತರ್ತಿದ್ದೆ.”

ರತ್ನಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನ ಕಣ್ಣೂ ತಮ್ಮನ ಕಣ್ಣೂ ಮೋಸ ಹೋಗಿದ್ದವು, ಸಂತೆಯ ಬಿಸಿಲಿಗೆ ಇಲ್ಲದ್ದನ್ನು ಕಂಡಿದ್ದೆ, ಇಷ್ಟು ದಿನ ಸುಮ್ಮಸುಮ್ಮನೆ ಸತ್ತು ಸತ್ತು ಬದುಕಿದೆ ಎಂಬಂತೆ ಅವಳ ಹೆಗಲು ಅಲುಗುತ್ತಿತ್ತು. ಐವತ್ತು ವರ್ಷ ದನದ ಮೈ ಬಲ್ಲ ಕೈ ಇಲ್ಲ ಎಂದ ಮೇಲೆ ಇಲ್ಲ. ಅವಳು ನಂಬಿದಳು. ಎದ್ದು ಎತ್ತಿನ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು, ಮತ್ತೆ ಗೋಣಿ ಕಟ್ಟಲೇ ಇಲ್ಲ.

“ನಿನ್ನ ತಮ್ಮನಿಗೆ ಇನ್ನೂ ಕೈ ಪಳಗಬೇಕು” ಎಂದ ಭಾವ. “ಕೋದಂಡಾ, ಅದನ್ನ ಅಳಿಸಿಹಾಕು. ನೋಡಿದೋರು ನಮ್ಮನೇಲಿ ಕೆಟ್ಟ ಎತ್ತು ಐತೆ ಅಂತಾರೆ.”

ಅಕ್ಕನೇ ಸೀಮೆಎಣ್ಣೆ ಸೀಸೆಯನ್ನೂ ಹಳೆ ಸೀರೆಯ ಚೂರನ್ನೂ ತಂದುಕೊಟ್ಟಳು. ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿತ್ತು. “ಹೋಗ್ಲಿ ಬಿಡೋ, ಮುಖ ಯಾಕೆ ಹಂಗೆ ಮಾಡ್ಕೊಂತೀಯ. ಎಲ್ಲಾರ್ಗೂ ಎಲ್ಲಾನೂ ಬರ್ತದಾ? ಮುದ್ದೆಗೆ ಎಸರಿಡ್ತೀನಿ, ಉಂಡ್ಕೊಂಡು ಹೋಗು” ಎಂದು ಅವನ ತಲೆ ಸವರಿದಳು. ನನಗೂ ಇಕ್ಕು, ಹಸಿವಾಗ್ತದೆ ಎಂದ ಆವಲಪ್ಪ. ಅವಳು ಓಡುವಂತೆ ಒಳಗೆ ಹೋದಳು. ಕೋದಂಡರಾಮಪ್ಪ ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಬಟ್ಟೆಯನ್ನು ಅದ್ದಿ ಹಿಂಡಿದ. ಎಂಟು ದಿನದ ಬಣ್ಣ, ಮೇಲೆ ಸಣ್ಣ ಪೊರೆ ಕಟ್ಟಿತ್ತು, ಒಳಗೆ ಹಸಿ. ಒಂದು ಸಲ ಒರೆಸಿದರೆ ಸಾಕಾಗುತ್ತಿತ್ತು. ಕೈ ಮೇಲೇಳಲಿಲ್ಲ.

“ಒರೆಸೋ” ಎಂದ ಭಾವ, ಮೆಲ್ಲಗೆ. ಒಳಗೆ ಒಲೆಯ ಪಾತ್ರೆಯ ಸದ್ದಾಗುತ್ತಿತ್ತು. ಅವನು ಒರೆಸಿದ. ಇಣಿಯಿಂದ ಹರಿದು ಬಂದ ಕೂದಲಿನ ನೀಲಿ, ಬೂದು, ಕೆಂಪುಗಳೆಲ್ಲ ಕಲಸಿಹೋಗಿ ಒಂದು ಅಂಗೈ ಅಗಲದ ಕೆಸರಾಯಿತು.

“ಆ ಕಡೆನೂ ಐತೆ” ಎಂದ ಆವಲಪ್ಪ. “ನೀನು ಈ ಕಡೆ ಕೂತಿದ್ದೆ, ನಿನಗೆ ಕಾಣ್ಲಿಲ್ಲ. ನೀನು ಬರ್ದಿದ್ದು ಸರಿಯಾಗೇ ಇತ್ತು, ಕೂದಲು ಕೂದಲಿಗೂ. ಅವಳಿಗೆ ಹೇಳ್ಬೇಡ.”

ಭಾವ ತಾನು ಸಾಯುತ್ತೇನೆಂದು ನಂಬಿದ್ದ, ನಂಬಿಕೊಂಡೇ ಹೆಂಡತಿಯ ಸಲುವಾಗಿ ಹಸಿವು ಎಂದಿದ್ದ. ಅದು ಕೋದಂಡರಾಮಪ್ಪನಿಗೆ ಅರ್ಥವಾಯಿತು. ಆದರೆ ಅದಕ್ಕಿಂತ ಮುಂಚೆ, ಕಣ್ಣು ಮಿಟುಕಿಸುವಷ್ಟು ಮುಂಚೆ, ಸರಿಯಾಗೇ ಇತ್ತು ಎಂಬ ಮಾತು ಕಿವಿಗೆ ಬಿದ್ದ ತಕ್ಷಣ, ಅವನ ಎದೆಯಲ್ಲಿ ಎದ್ದದ್ದು ಸಂತೋಷ. ಶುದ್ಧವಾದ, ಹುಚ್ಚು ಸಂತೋಷ. ಇನ್ನೊಂದು ಸಲ ಹೇಳು ಭಾವ ಎಂದು ಕೇಳುವಂಥದ್ದು. ಅದನ್ನು ಹಿಂದಕ್ಕೆ ನೂಕಲು ಅವನಿಂದಾಗಲಿಲ್ಲ. ಸೀಮೆಎಣ್ಣೆ ಬಟ್ಟೆಯನ್ನು ಹಿಡಿದುಕೊಂಡು ಭಾವನ ಮುಖ ನೋಡಲಾರದೆ ನೆಲ ನೋಡುತ್ತ ಕೂತ. ಒಳಗಿನಿಂದ ಅಕ್ಕ, ಕೈಗೆ ಸೋಪು ಹಾಕಿ ತೊಳೆದುಕೊಂಡು ಬಾ, ವಾಸನೆ ಬರುತ್ತೆ ಎಂದು ಕೂಗಿದಳು.